ಡಿಸೈನರ್ ಅಂದರೆ ದೇವರೇ ಅಲ್ವಾ? ಮಗನಿಗೆ ಏನು ಹೇಳಲಿ?

ಕೇಳಿದವರು (ಪೆನ್ಸಿಲ್ವೇನಿಯಾ): ಎಲ್ಲರಿಗೂ ನಮಸ್ಕಾರ. ಮಗ ಒಂಬತ್ತನೇ ಕ್ಲಾಸು, ಪಬ್ಲಿಕ್ ಸ್ಕೂಲು. ಬಸ್ಸಿನಲ್ಲಿ ಗೆಳೆಯ ಒಂದು ವಿಡಿಯೊ ತೋರಿಸಿದನಂತೆ. ಬ್ಯಾಕ್ಟೀರಿಯಾದ ಬಾಲಕ್ಕೆ ಪುಟ್ಟ ಮೋಟರ್ ಇದೆ, ಒಂದು ಭಾಗ ತೆಗೆದರೂ ತಿರುಗಲ್ಲ, ಆದ್ದರಿಂದ ಯಾರೋ ಯೋಚಿಸಿ ಮಾಡಿರಲೇಬೇಕು ಅಂತ. ದೇವರ ಹೆಸರೇ ಇಲ್ಲ, ಇದು 'ಇಂಟೆಲಿಜೆಂಟ್ ಡಿಸೈನ್' ಅನ್ನೋ ಸೈನ್ಸು ಅನ್ನುತ್ತಾನೆ ಆ ಹುಡುಗ. ಸಂಜೆ ದೀಪ ಹಚ್ಚುವಾಗ ನನ್ನ ಮಗ ಕೇಳಿದ, "ಅಮ್ಮ, ನಾವೂ ದೇವರು ಮಾಡಿದ ಅಂತೀವಲ್ಲ, ಎರಡೂ ಒಂದೇನಾ?" ಬತ್ತಿ ಸರಿಮಾಡುತ್ತಾ ಸುಮ್ಮನಾದೆ. ಟೀಚರ್‌ಗೆ ಮೇಲ್ ಬರೆಯಬೇಕಾ?

ಟೆಕ್ಸಾಸ್ ಅಂಕಲ್: ಇಷ್ಟಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡಮ್ಮ. ಮತ್ಸ್ಯ ನೀರಿನದು, ಕೂರ್ಮ ನೀರು ನೆಲ ಎರಡರದ್ದು, ವರಾಹ ನೆಲದ್ದು. ಡಾರ್ವಿನ್ ಹೇಳಿದ್ದು ದಶಾವತಾರದಲ್ಲೇ ಇದೆ. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಕೇಳೋರಿಲ್ಲ.

ಲ್ಯಾಬ್ ಕೆಲಸದವಳು: ಅಕ್ಕ, ಇದರ ಕೇಸು ನಡೆದಿದ್ದು ನಿಮ್ಮ ರಾಜ್ಯದಲ್ಲೇ. ಬಯಾಲಜಿ ಕ್ಲಾಸಿಗೆ ಇದನ್ನು ತಂದ ಡೋವರ್ ಊರಿನ ಸ್ಕೂಲ್ ಬೋರ್ಡಿನ ಮೇಲೆ 11 ಜನ ಪೋಷಕರು ಕೋರ್ಟಿಗೆ ಹೋದರು. 2005ರ ಡಿಸೆಂಬರ್ 20ರಂದು ಜಡ್ಜ್ ಜಾನ್ ಜೋನ್ಸ್, ಇದು ವಿಜ್ಞಾನವಲ್ಲ ಅಂತ ತೀರ್ಪು ಕೊಟ್ಟರು. ಅಲ್ಲಿ ಸಿಕ್ಕಿಬಿದ್ದಿದ್ದು ಇದೇ ವಾದದ ಒಂದು ಪುಸ್ತಕದ ಹಳೇ ಕರಡು. ದೇವರೇ ಜೀವಿಗಳನ್ನು ಸೃಷ್ಟಿಸಿದ ಅನ್ನೋ ಸೃಷ್ಟಿವಾದವನ್ನು ಪಬ್ಲಿಕ್ ಸ್ಕೂಲಿನಲ್ಲಿ ಕಲಿಸಬಾರದು ಅಂತ 1987ರಲ್ಲಿ ಸುಪ್ರೀಂ ಕೋರ್ಟು ಅಂದ ಮೇಲೆ, 'ಕ್ರಿಯೇಷನಿಸ್ಟ್ಸ್' (ಸೃಷ್ಟಿವಾದಿಗಳು) ಅನ್ನೋ ಕಡೆಯೆಲ್ಲ 'ಡಿಸೈನ್ ಪ್ರೊಪೊನೆಂಟ್ಸ್' (ಡಿಸೈನ್ ವಾದಿಗಳು) ಹಾಕಿದ್ದರು. ಒಂದು ಕಡೆ ಅಳಿಸೋದು ಅರ್ಧಂಬರ್ಧವಾಗಿ 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' ಅಂತ ಉಳಿದುಬಿಟ್ಟಿತ್ತು! ಹೆಸರು ಬದಲಾಯಿತು, ಸರಕು ಅದೇ. ಆ ಮೋಟರಿನ ಕೆಲವು ಭಾಗಗಳಂಥವೇ, ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷ ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತವೆ. ಅಂದರೆ ಪೂರ್ತಿ ಮೋಟರ್ ಇಲ್ಲದಿದ್ದರೂ ಅಂಥ ಭಾಗಗಳಿಗೆ ಉಪಯೋಗವಿದೆ. ಬಸ್ಸಿನಲ್ಲಿ ಗೆಳೆಯ ಏನಾದರೂ ಹೇಳಲಿ, ಅದು ಅವನಿಷ್ಟ. ಕ್ಲಾಸಿನಲ್ಲಿ ಟೀಚರ್ ಕಲಿಸಿದ್ದರೆ ಮಾತ್ರ ಮೇಲ್ ಬರೆಯಿರಿ.

ನ್ಯೂಜೆರ್ಸಿ ಆಂಟಿ: ನನ್ನ ಮಗಳು ಏನು ಕೇಳಿದರೂ "ಸುಮ್ನೆ ಕೈಮುಗಿ" ಅಂದೆ. ಈಗ ಹಬ್ಬದ ದಿನ ಫೋನ್ ಮಾಡಿದರೆ ಹವಾಮಾನ ಮಾತಾಡುತ್ತಾಳೆ. ಸುಮ್ಮನಿರಬೇಡಿ.

ಮೈಸೂರಿನ ಸಂಸ್ಕೃತ ಎಂ.ಎ.: ಇದು ನಮಗೆ ಹೊಸದಲ್ಲ. ಮಡಕೆ ಇದ್ದರೆ ಕುಂಬಾರ ಇರಲೇಬೇಕು, ಜಗತ್ತಿಗೂ ಹಾಗೇ ಅಂತ ನಮ್ಮ ನ್ಯಾಯ ದರ್ಶನದ ಪಂಡಿತರು ಹಿಂದೆಯೇ ವಾದಿಸಿದರು. ಅವರಲ್ಲೊಬ್ಬರಾದ ಉದಯನಾಚಾರ್ಯರು ಈಶ್ವರನಿದ್ದಾನೆ ಅಂತ ಸಾಧಿಸಲೆಂದೇ ಬರೆದರು, ಹೆಸರು ಮುಚ್ಚಿಡಲಿಲ್ಲ. ಇನ್ನೊಂದು ದರ್ಶನದವರಾದ ಮೀಮಾಂಸಕರು ಒಪ್ಪಲಿಲ್ಲ, ಅವರೂ ವೈದಿಕರೇ. ಬೇಕಾದರೆ ದೇವರ ಮನೆಯಲ್ಲಿ ಕುಂಬಾರನ ಮಾತಾಡೋಣ. ಬಯಾಲಜಿ ಪರೀಕ್ಷೆಯಲ್ಲಿ ಬರೆಯೋದು ಬೇಡ.

ಟೆಕ್ಸಾಸ್ ಅಂಕಲ್: ಅಂದರೆ ದಶಾವತಾರ ಸುಳ್ಳಾ? ನಮ್ಮವರೇ ಹೀಗಂದರೆ ಮಕ್ಕಳು ಏನು ಕಲಿಯಬೇಕು?

ಲ್ಯಾಬ್ ಕೆಲಸದವಳು: ಸುಳ್ಳು ಅಂತ ಯಾರೂ ಹೇಳಿಲ್ಲ ಅಂಕಲ್. ಡೋವರ್‌ನಲ್ಲಿ ವಿಕಾಸವಾದದ ಪರ ಸಾಕ್ಷಿ ಹೇಳಿದ ಕೆನೆತ್ ಮಿಲ್ಲರ್ ಕೂಡ ಕ್ಯಾಥೊಲಿಕ್, ನಂಬಿಕೆಯುಳ್ಳವರು.

ಟೆಕ್ಸಾಸ್ ಅಂಕಲ್: ಭಾನುವಾರ ಜೂಮ್‌ನಲ್ಲಿ ಉಪನ್ಯಾಸ ಇಡುತ್ತೇನೆ. ಎಲ್ಲರೂ ಮಕ್ಕಳನ್ನು ಕೂರಿಸಿ.

ಕೇಳಿದವರು: ಆಗಲಿ ಅಂಕಲ್. ಟೀಚರ್ ಏನೂ ಹೇಳಿಲ್ಲವಂತೆ. ಹಾಗಾದರೆ ಮೇಲ್ ಬೇಡ ಅಲ್ವಾ?

ಟೆಕ್ಸಾಸ್ ಅಂಕಲ್: ಲಿಂಕ್ ಹಾಕಿದ್ದೇನಮ್ಮ, ಹತ್ತು ಗಂಟೆಗೆ.