ಲೋಡ್ ಹೆಚ್ಚಿಸುವ ಮುನ್ನ ಅತ್ತೆಯ ಮಾತು

ನಿನ್ನ ಸಂದೇಶವನ್ನು ಬೆಳಗ್ಗೆಯೇ ಕೇಳಿಸಿಕೊಂಡೆ, ಕಂದ. ಕೊರೊನಾದಂಥ ಕಾಯಿಲೆ ಇನ್ನೊಮ್ಮೆ ಬಂದು ಎಲ್ಲವೂ ಮುಚ್ಚಿದರೆ ಕರೆಂಟೂ ಹೋಗಿಬಿಡುತ್ತದೆಯೇ, ಅದಕ್ಕೆ ಮುಂಚೆಯೇ ತುಮಕೂರು ಬಳಿಯ ವಸಂತನರಸಾಪುರದ ಶೆಡ್ಡಿಗೆ 20 ಎಚ್‌ಪಿ ಬದಲು 50 ಎಚ್‌ಪಿ ಲೋಡನ್ನು, ಅಂದರೆ ಒಮ್ಮೆಗೆ ಎಳೆದುಕೊಳ್ಳಬಹುದಾದ ವಿದ್ಯುತ್ತಿನ ಮಿತಿಯನ್ನು, ಮಂಜೂರು ಮಾಡಿಸಿಕೊಳ್ಳಲೇ ಎಂದು ಕೇಳಿದ್ದೀಯ. ಕರೆಂಟು ಹೋಗುವುದಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿದಾಗ ಕಾರ್ಖಾನೆ, ಅಂಗಡಿ, ರೈಲು ನಿಂತು ಬೇಡಿಕೆ ಸುಮಾರು ಕಾಲುಭಾಗ ಕುಸಿದು ವಿದ್ಯುತ್ತು ಮಿಕ್ಕಿತ್ತು. ಏಪ್ರಿಲ್ 5ರ ರಾತ್ರಿ ಒಂಬತ್ತು ನಿಮಿಷ ದೀಪ ಆರಿಸಿದೆವಲ್ಲ, ಆಗ 12ರಿಂದ 14 ಸಾವಿರ ಮೆಗಾವಾಟ್ ಇಳಿದೀತೆಂದು ಲೆಕ್ಕ ಹಾಕಿದ್ದರೂ ಇಳಿದದ್ದು ಸುಮಾರು 31 ಸಾವಿರ. ಜಲವಿದ್ಯುತ್ ಕೇಂದ್ರಗಳನ್ನು ತಗ್ಗಿಸಿ, ಮತ್ತೆ ಏರಿಸಿ ವಿದ್ಯುತ್ ಜಾಲವನ್ನು ಕಾಪಾಡಿದರು.

ನನಗೆ ಹೆದರಿಕೆ ಇರುವುದು ಬಿಲ್ಲಿನದು. ಅಂತರಸನಹಳ್ಳಿಯ ನಮ್ಮ ಲೇತ್ ಶೆಡ್ಡಿನ ಪಾಡು ನಿಮ್ಮಪ್ಪನಿಗೆ ಗೊತ್ತು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ವೈರಿಂಗ್ ಗುತ್ತಿಗೆದಾರನೊಬ್ಬ, ನಾಳೆ ಹೇಗೂ ಬೇಕಾಗುತ್ತದೆ ಎಂದು ನಿಮ್ಮ ಮಾವನ ತಲೆ ತಿಂದು ಲೋಡನ್ನು ದುಪ್ಪಟ್ಟು ಮಾಡಿಸಿದ. ಯುಗಾದಿಗೆ ಬೀಗ ಬಿತ್ತು. ಹುಡುಗರು ಮಧುಗಿರಿ, ಶಿರಾ ಕಡೆಯ ತಮ್ಮ ಊರುಗಳಿಗೆ ಹೊರಟುಹೋದರು, ಯಂತ್ರಗಳಿಗೆ ಟಾರ್ಪಾಲು ಹೊದಿಸಿದೆವು. ರೀಡಿಂಗಿಗೆ ಯಾರೂ ಬರಲಾಗದ್ದರಿಂದ ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ಲು ಬಂತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕವನ್ನು, ಅಂದರೆ ಕರೆಂಟು ಬಳಸಲಿ ಬಿಡಲಿ ಲೋಡಿಗೆ ತಕ್ಕಂತೆ ತಿಂಗಳು ತಿಂಗಳು ಕಟ್ಟುವ ಮೊತ್ತವನ್ನು, ಮನ್ನಾ ಮಾಡಿದ್ದು ನಿಜ, ಅದಕ್ಕೆ ಋಣಿ. ಆದರೆ ನಮಗೆ ಕೆಲಸದ ಆರ್ಡರು ಬಂದದ್ದು ದಸರಾ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ತಿರುಗದ ಮೋಟಾರಿಗೆ ದುಪ್ಪಟ್ಟು ಲೋಡಿನ ಶುಲ್ಕ ಕಟ್ಟಿದ ಲೆಕ್ಕವೆಲ್ಲ ನನ್ನ ಪುಸ್ತಕದಲ್ಲಿದೆ. ಯಂತ್ರ ನಿಂತರೂ ಮಂಜೂರಾದ ಲೋಡಿನ ನಿಗದಿತ ಶುಲ್ಕ ನಿಲ್ಲುವುದಿಲ್ಲ, ಇದನ್ನು ನೆನಪಿಟ್ಟುಕೋ.

ನಮಗೆ ಕರೆಂಟು ಮಾರುವ ವಿತರಣಾ ಕಂಪನಿಗಳದೂ ಅದೇ ಗತಿಯಾಗಿತ್ತು. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಸೌರ ವಿದ್ಯುತ್ತನ್ನು ಮೊದಲು ತೆಗೆದುಕೊಳ್ಳಬೇಕೆಂಬ ನಿಯಮವಿರುವುದರಿಂದ ಬೇಡಿಕೆ ಇಳಿದಾಗ ತಗ್ಗಬೇಕಾದದ್ದು ಕಲ್ಲಿದ್ದಲಿನ ಸ್ಥಾವರ. ಆ ಸ್ಥಾವರ ಸಿದ್ಧವಾಗಿ ಕುಳಿತಿದ್ದರೆ, ಅದರಿಂದ ಒಂದು ಯೂನಿಟ್ಟೂ ಕೊಳ್ಳದಿದ್ದರೂ, ಒಪ್ಪಂದದ ಪ್ರಕಾರ ಸ್ಥಿರ ವೆಚ್ಚವನ್ನು ತೆರಲೇಬೇಕು. ಇತ್ತ ಹೆಚ್ಚಿನ ದರ ಕೊಡುವ ಕಾರ್ಖಾನೆ, ಅಂಗಡಿಗಳು ಮುಚ್ಚಿ, ಉಳಿದದ್ದು ಮನೆಗಳು ಮತ್ತು 10 ಎಚ್‌ಪಿವರೆಗಿನ ಉಚಿತ ಪಂಪ್‌ಸೆಟ್‌ಗಳು. ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ಘೋಷಿಸಿದ 90,000 ಕೋಟಿ ರೂಪಾಯಿಯೂ ಉತ್ಪಾದಕರ ಬಾಕಿ ತೀರಿಸಲು ಕೊಟ್ಟ ಸಾಲವೇ.

ಅವರಿಗೆ ಸಾಲವಾದರೂ ಸಿಕ್ಕಿತು, ನಮಗೆ ಯಾರು ಕೊಟ್ಟರು? ಫೆಬ್ರವರಿಯಲ್ಲಿ ನಮ್ಮಿಂದ ಬಿಡಿಭಾಗ ಒಯ್ದ ದೊಡ್ಡ ಕಂಪನಿಯೊಂದು ಪರಿಸ್ಥಿತಿ ಸರಿಯಿಲ್ಲವೆಂದು ನಮ್ಮ ಹಣವನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತು. ಆ ಹಣವಿಲ್ಲದೆ ನಮ್ಮ ಕರೆಂಟ್ ಬಿಲ್ಲು ತಡವಾದಾಗ ಬಡ್ಡಿ ಕಟ್ಟಿದವರು ನಾವು. ಆ ಕಂಪನಿಯ ಹೆಸರೆತ್ತಿದರೆ ನಿಮ್ಮ ಮಾವ ಇಂದಿಗೂ ಊಟ ಬಿಟ್ಟು ಏಳುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ, ಯಂತ್ರ ನಿಂತರೂ ನಿಗದಿತ ಶುಲ್ಕ ನಿಲ್ಲುವುದಿಲ್ಲ. ಅಯ್ಯೋ, ಮಾಡಬೇಕಾದದ್ದನ್ನೇ ಹೇಳಲಿಲ್ಲ. ನಿನ್ನ ಹಳೆಯ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಆ ತಿಂಗಳಲ್ಲಿ ಒಮ್ಮೆಗೆ ಎಳೆದ ಅತಿ ಹೆಚ್ಚು ವಿದ್ಯುತ್ತು, ಎಷ್ಟಿದೆ ನೋಡು. ಈಗಿರುವ ಮಂಜೂರಾತಿಯನ್ನು ಅದು ಮೀರುತ್ತಿದ್ದರೆ ದಂಡ ಬೀಳುತ್ತದೆ, ಆಗ ಅಷ್ಟಕ್ಕೆ ಮಾತ್ರ ಹೆಚ್ಚಿಸಿಕೋ. ಶೆಡ್ಡು ಮುಚ್ಚುವ ದಿನ ಬಂದರೆ ಮೀಟರಿನ ಅಂಕಿಯನ್ನು ದಿನಾಂಕ ಕಾಣುವಂತೆ ಫೋಟೊ ತೆಗೆದಿಡು. ಸರಾಸರಿ ಬಿಲ್ಲು ಬಂದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ಸುಮ್ಮನಾಗದೆ, ಉಪವಿಭಾಗದ ಕಚೇರಿಗೆ ಪತ್ರವನ್ನೂ ಕೊಟ್ಟು ಸ್ವೀಕೃತಿ ಪಡೆದುಕೋ. ಅರ್ಜಿಗೆ ಸಹಿ ಹಾಕುವ ಮುನ್ನ ನನಗೊಂದು ಪ್ರತಿ ಕಳಿಸು.