ಬೆಂಗಳೂರಿನಲ್ಲಿ ಪರಿಚಯದವರು ಬೇಕಾದಷ್ಟು, ಆದರೆ ನಮ್ಮವರು ಅಂತ ಯಾರೂ ಇಲ್ಲ. ನಿಮಗೂ ಹೀಗೇನಾ?

ಹಾವೇರಿ_ಹುಡುಗ:
ಮಾರತಹಳ್ಳಿಯಲ್ಲಿ ಪಿಜಿಯಲ್ಲಿದ್ದೇನೆ. ರೂಮಿನಲ್ಲಿ ಮೂವರು, ಮೂವರದ್ದೂ ಬೇರೆ ಬೇರೆ ಶಿಫ್ಟ್. ಒಬ್ಬ ಏಳುವಾಗ ಇನ್ನೊಬ್ಬ ಮಲಗುತ್ತಾನೆ. ಆಫೀಸಿನಲ್ಲಿ ಟೀ, ನಗು, ವಾಟ್ಸಾಪ್ ಗ್ರೂಪ್ ಎಲ್ಲಾ ಇದೆ, ಶುಕ್ರವಾರ ಸಂಜೆ ಲಾಗೌಟ್ ಆದರೆ ಸೋಮವಾರದವರೆಗೆ ಒಬ್ಬರೂ ವಿಚಾರಿಸುವುದಿಲ್ಲ. ಮೊನ್ನೆ ಜ್ವರ ಬಂದು ಮಲಗಿದ್ದಾಗ ಆಪ್‌ನಲ್ಲಿ ಇಡ್ಲಿ ತರಿಸಿದೆ. "ಹುಷಾರಿಲ್ವಾ ಸಾರ್?" ಅಂತ ಕೇಳಿದ್ದು ಅದನ್ನು ತಂದುಕೊಟ್ಟ ಹುಡುಗ ಮಾತ್ರ. ಅಮ್ಮನಿಗೆ ಹೇಳಿದರೆ ಗಾಬರಿಯಾಗುತ್ತಾರೆ ಅಂತ ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಅಂದೆ. ವೀಕೆಂಡ್ ಟ್ರೆಕ್‌ಗೂ ಹೋಗಿದ್ದೇನೆ. ಫೋಟೋ ತೆಗೆದು, ಇನ್‌ಸ್ಟಾ ಐಡಿ ಕೊಟ್ಟು, ವಾಪಸ್ ಬಂದು ಬಸ್ ಇಳಿದರೆ ಮುಗಿಯಿತು. ನೀವೆಲ್ಲ ಏನು ಮಾಡಿದಿರಿ?

ಕತ್ರಿಗುಪ್ಪೆ_ಕ್ರಾಸ್:
ಟ್ರೆಕ್‌ನಲ್ಲಿ ಪ್ರತಿ ಸಲ ಹೊಸ ಗುಂಪು ಗುರು, ಅದೇ ತೊಂದರೆ. ಅವೇ ಮುಖಗಳು ಮತ್ತೆ ಮತ್ತೆ ಕಾಣಬೇಕು, ಕೈಗೊಂದು ಕೆಲಸ ಇರಬೇಕು. ನಾನು ಹವ್ಯಾಸಿ ನಾಟಕ ತಂಡ ಸೇರಿದೆ. ನಟನೆ ಬರುವುದಿಲ್ಲ, ಸೆಟ್ ಹೊರುತ್ತೇನೆ, ಪರದೆ ಎಳೆಯುತ್ತೇನೆ. ಒಟ್ಟಿಗೆ ಮೊಳೆ ಹೊಡೆಯುತ್ತಾ ಬೈದಾಡಿಕೊಂಡವರೇ ಈಗ ಮನೆಗೆ ಬಂದು ಹೋಗುತ್ತಾರೆ. ಸುಮ್ನೆ ನಾಟಕ ನೋಡುವುದಾದರೂ ಜೆಪಿ ನಗರದ ರಂಗಶಂಕರಕ್ಕೆ ಹೋಗು. ಅಲ್ಲಿ ತಡವಾದರೆ ಒಳಗೆ ಬಿಡುವುದಿಲ್ಲ, ಹಾಗಾಗಿ ಜನ ಮುಂಚೆಯೇ ಬಂದು ಕ್ಯಾಂಟೀನಿನಲ್ಲಿ ಕೂತಿರುತ್ತಾರೆ. ದರ್ಶಿನಿಯಲ್ಲಿ ನಿಂತು ತಿಂದು ಓಡುವ ಊರಲ್ಲಿ ಕೂತು ಕಾಯುವ ಜಾಗವೇ ಕಡಿಮೆ ಅಲ್ವಾ?

ಸುಮ್ನೆ_ಬಂದೆ:
ಮಾತಾಡಲು ಸಂಕೋಚ ಇದ್ದರೆ ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕ್. 2023ರಲ್ಲಿ ಶುರುವಾದ ಕಬ್ಬನ್ ರೀಡ್ಸ್‌ನಲ್ಲಿ ಚಾಪೆ ಹಾಸಿಕೊಂಡು ಅವರವರ ಪುಸ್ತಕ ಓದುವುದು, ಅಷ್ಟೇ. ಎಷ್ಟೋ ಜನ ಓದಿ ಎದ್ದು ಹೋಗುತ್ತಾರೆ, ಅಲ್ಲಿಗೆ ಹೋದ ತಕ್ಷಣ ಗೆಳೆಯರು ಸಿಗುತ್ತಾರೆ ಅಂದರೆ ಸುಳ್ಳು. ನನ್ನ ಕೇಳಿದರೆ ಅರ್ಧ ತಪ್ಪು 11 ತಿಂಗಳ ಬಾಡಿಗೆ ಅಗ್ರಿಮೆಂಟಿನದ್ದು. ಪಕ್ಕದ ಮನೆಯವರ ಹೆಸರು ಗೊತ್ತಾಗುವ ಹೊತ್ತಿಗೆ ಬಾಡಿಗೆ ಏರಿಸುತ್ತಾರೆ, ನಾವು ಗಂಟುಮೂಟೆ ಕಟ್ಟುತ್ತೇವೆ. ಮತ್ತೊಂದು ಮಾತು. ನಿದ್ದೆ ಬಾರದೆ, ಊಟ ಸೇರದೆ ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡು, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗಿರಿನಗರದ_ಅಜ್ಜಿ:
ಮಗೂ, ನಾವು ಮದುವೆಯಾಗಿ ಬಂದಾಗ ಚಾಮರಾಜಪೇಟೆಯ ವಠಾರದಲ್ಲಿದ್ದೆವು. ಎಲ್ಲರಿಗೂ ಸೇರಿ ಒಂದೇ ನಲ್ಲಿ, ದಿನಾ ಜಗಳ. ಯಾರ ಮನೆಗೆ ಯಾರು ಬಂದರು ಅಂತ ಲೆಕ್ಕ ಇಡುವವರೂ ಇದ್ದರು, ಉಸಿರು ಕಟ್ಟುತ್ತಿತ್ತು. ಆದರೆ ಬೆಳಿಗ್ಗೆ ಬಿಂದಿಗೆ ಹಿಡಿದು ನೀವು ಬರಲಿಲ್ಲ ಅಂದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು. ಈಗ ಫ್ಲ್ಯಾಟ್, ನಲ್ಲಿ ಒಳಗೇ ಇದೆ. ಮಕ್ಕಳು ಅಮೆರಿಕದಲ್ಲಿ. ಎದುರು ಮನೆ ಹುಡುಗಿಗೆ ನಾನೇ ಸಾರು ಕೊಟ್ಟು ಮಾತು ಶುರು ಮಾಡಿದೆ. ಮೊದಲ ದಿನ ಪಾಪ ಹೆದರಿಕೊಂಡಳು.

ಹಾವೇರಿ_ಹುಡುಗ:
ಅಜ್ಜಿ, ನಮ್ಮ ಪಿಜಿ ಎದುರು ಇರುವುದು ಟೈರ್ ಅಂಗಡಿ 😄 ಗುರು, ನಿಮ್ಮ ತಂಡದಲ್ಲಿ ಪರದೆ ಎಳೆಯಲು ಇನ್ನೊಬ್ಬ ಬೇಕಾ? ಶನಿವಾರವೂ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಬೇಕಲ್ಲ ಅನ್ನುವುದೊಂದೇ ಚಿಂತೆ.

ಕತ್ರಿಗುಪ್ಪೆ_ಕ್ರಾಸ್:
ಬೇಕು. ಡಿಎಂ ಮಾಡಿದ್ದೀನಿ ನೋಡು. ಹಳೇ ಬಟ್ಟೆ ಹಾಕ್ಕೊಂಡು ಬಾ, ಈ ವಾರ ಸೆಟ್‌ಗೆ ಪೇಂಟ್ ಹೊಡೆಯೋದಿದೆ.