ಚಿನ್ನಿಯ ಬಟ್ಟಲು ಎತ್ತಿಡುವ ವಿಚಾರ

ಗುಂಪು: ಬಸವನಗುಡಿ ಮನೆ

ಅಣ್ಣ (ಫಾರ್ವರ್ಡ್): ನಾಯಿ ಊಟ ಬಿಡುತ್ತಿದೆಯಾ? ಬಟ್ಟಲು ಇಟ್ಟು 15 ನಿಮಿಷ ಕಾಯಿರಿ. ತಿನ್ನದಿದ್ದರೆ ಎತ್ತಿಡಿ. ಮುಂದಿನ ಊಟದ ಹೊತ್ತಿನವರೆಗೆ ಏನೂ ಕೊಡಬೇಡಿ.

ಅಣ್ಣ: ಎಲ್ಲರೂ ಓದಿ. ಚಿನ್ನಿಗೂ ಹೀಗೇ ಮಾಡೋಣ.

ರಾಜಾಜಿನಗರ ಅತ್ತೆ: ಮೂಕಪ್ರಾಣಿ ಕಣೋ ಅದು. ಉಪವಾಸ ಕೆಡವುವುದಾ?

ಅಣ್ಣ: ಉಪವಾಸ ಅಲ್ಲ ಅತ್ತೆ. ಊಟಕ್ಕೊಂದು ಹೊತ್ತಿದೆ ಅಂತ ಅದಕ್ಕೆ ಗೊತ್ತಾಗಬೇಕು.

ರಾಜಾಜಿನಗರ ಅತ್ತೆ: ನಮ್ಮ ಪಾಮರೇನಿಯನ್ ಎರಡು ತಿಂಗಳ ಮರಿ ಆಗಿದ್ದಾಗ ಒಂದು ಬೆಳಿಗ್ಗೆ ತಿನ್ನಲಿಲ್ಲ. ಮಧ್ಯಾಹ್ನ ಕಾಲು ನಡುಗಿ ಬಿದ್ದೇಬಿಟ್ಟಿತು. ಸಕ್ಕರೆ ಅಂಶ ಇಳಿದಿದೆ ಅಂದರು ಡಾಕ್ಟರು. ಆ ದಿನ ನಾನು ಅತ್ತಿದ್ದು ಮರೆತೆಯಾ?

ನಾನು: ಅತ್ತೆ, ನೀವು ಹೇಳುವುದು ನಿಜ. ಆ ಮೆಸೇಜಿನಲ್ಲಿ ವಯಸ್ಸಿನ ಮಾತೇ ಇಲ್ಲ. ಅದು ದೊಡ್ಡ ತಪ್ಪು. ಪುಟ್ಟ ಜಾತಿಯ ಮರಿಗಳನ್ನು ಹಸಿದಿಡಲೇಬಾರದು. ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕು. ಆದರೆ ಚಿನ್ನಿಗೆ ಈಗ 3 ವರ್ಷ. ಹೋದ ವಾರ ಡಾಕ್ಟರು ಹಲ್ಲು, ಹೊಟ್ಟೆ ಎಲ್ಲ ನೋಡಿ ಚೆನ್ನಾಗಿದ್ದಾಳೆ ಅಂದರು.

ನಾನು: ಅವಳು ಬಿಟ್ಟಿರುವುದು ಬಟ್ಟಲಿನ ಊಟ ಮಾತ್ರ. ನಿನ್ನೆ ಎಲ್ಲವನ್ನೂ ಬರೆದಿಟ್ಟೆ. ಕಾಫಿ ಹೊತ್ತಿಗೆ ಅಜ್ಜಿಯಿಂದ ನಾಲ್ಕು ಗ್ಲೂಕೋಸ್ ಬಿಸ್ಕತ್ತು. ಅಮ್ಮನಿಂದ ದೋಸೆ ಅಂಚು. ಮಧ್ಯಾಹ್ನ ಎರಡು ತುತ್ತು ಮೊಸರನ್ನ. ಸಂಜೆ ನಾನೇ ಚೀಸ್ ಕೊಟ್ಟೆ. ಅವಳ ತೂಕ 4 ಕೆಜಿ. ದಿನಕ್ಕೆ 200ರಿಂದ 300 ಕ್ಯಾಲೊರಿ ಸಾಕು. ಒಂದು ಬಿಸ್ಕತ್ತಿನಲ್ಲೇ 20ಕ್ಕೂ ಜಾಸ್ತಿ ಇರುತ್ತದೆ. ಮೇಲಿನ ತಿಂಡಿ ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ನಮ್ಮ ಮನೆಯಲ್ಲಿ ಅರ್ಧಕ್ಕೆ ಬಂದಿದೆ. ಇನ್ನು ರಾತ್ರಿ ಬಟ್ಟಲು ಮೂಸಿ ಹೋಗದೆ ಏನು ಮಾಡುತ್ತಾಳೆ?

ಅಮ್ಮ: ಅಜ್ಜಿ ಹೇಳಿ ಬರೆಸುತ್ತಿದ್ದಾರೆ. "ಅದು ಮುಖ ನೋಡುತ್ತಾ ಕೂತರೆ ನನಗೆ ತುತ್ತು ಇಳಿಯುವುದಿಲ್ಲ."

ನಾನು: ಗೊತ್ತು ಅಜ್ಜಿ. ನಿನ್ನ ಪ್ರೀತಿ ಅವಳಿಗೂ ಗೊತ್ತು. ಆದರೆ ಹುಳಿ ಅನ್ನದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ನಾಯಿಯ ರಕ್ತಕ್ಕೆ ಅದು ಕೆಟ್ಟದ್ದು. ಪಾಯಸದ ಒಣದ್ರಾಕ್ಷಿಯಿಂದ ಕಿಡ್ನಿಯೇ ಕೆಡಬಹುದು. ಅದಕ್ಕೇ ನಾನು ಇಷ್ಟು ಹಟ ಮಾಡುತ್ತಿರುವುದು.

ಅಣ್ಣ: ಹಾಗಾದರೆ ಇವತ್ತಿನಿಂದಲೇ ಎಲ್ಲ ಬಂದ್.

ರಾಜಾಜಿನಗರ ಅತ್ತೆ: ನೀನು ವೈಟ್‌ಫೀಲ್ಡಿನಲ್ಲಿ ಕೂತು ಬಂದ್ ಅನ್ನುತ್ತೀಯ. ಬೊಗಳಿ ಬೀದಿ ಎಬ್ಬಿಸಿದರೆ ಕೇಳಬೇಕಾದವರು ಬಸವನಗುಡಿಯವರು.

ನಾನು: ಹೌದು, ಮೊದಲ ಕೆಲವು ದಿನ ಬೊಗಳುವುದು, ನಮ್ಮ ಮಂಡಿ ಕೆರೆಯುವುದು ಜಾಸ್ತಿಯೇ ಆಗುತ್ತದೆ. ಆಗ ಯಾರಾದರೂ ಪಾಪ ಅಂತ ಒಂದು ಚೂರು ಕೊಟ್ಟರೆ ಎಲ್ಲ ಕೆಟ್ಟಿತು. ಇಷ್ಟು ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ಕಲಿತುಬಿಡುತ್ತಾಳೆ. ನಾವು ಊಟಕ್ಕೆ ಕೂತಾಗ ಅವಳ ಚಾಪೆ ಅಡುಗೆಮನೆ ಬಾಗಿಲ ಹತ್ತಿರ ಹಾಸೋಣ. ಅಲ್ಲಿ ಸುಮ್ನೆ ಕೂತರೆ ಅವಳ ಡಾಗ್ ಫುಡ್ಡಿನಲ್ಲೇ ಒಂದೊಂದು ಕಾಳು, ಅಲ್ಲಿಗೇ ಹೋಗಿ ಕೊಡುವುದು. ಟೇಬಲ್ ಹತ್ತಿರ ಮಾತ್ರ ಯಾರೂ ಏನೂ ಕೊಡಬಾರದು. ನಾನೂ ಸೇರಿ.

ರಾಜಾಜಿನಗರ ಅತ್ತೆ: ಎಷ್ಟು ಹೊತ್ತು ತಿನ್ನದಿದ್ದರೆ ಡಾಕ್ಟರ ಹತ್ತಿರ ಓಡುತ್ತೀಯ? ಮೊದಲು ಅದನ್ನು ಹೇಳು.

ನಾನು: ನೀರು ಯಾವಾಗಲೂ ಇಟ್ಟಿರುತ್ತೇನೆ. ಒಂದು ಹೊತ್ತು ಬಿಟ್ಟರೆ ಕಾಯುತ್ತೇನೆ. ಪೂರ್ತಿ ಒಂದು ದಿನ ಮುಟ್ಟದಿದ್ದರೆ ಹೊರಡುತ್ತೇನೆ. ವಾಂತಿ, ಸುಸ್ತು ಕಂಡರೆ ಅಷ್ಟೂ ಕಾಯುವುದಿಲ್ಲ.

ರಾಜಾಜಿನಗರ ಅತ್ತೆ: ಈ ಮಾತು ಆ ಫಾರ್ವರ್ಡ್‌ನಲ್ಲಿ ಇರಬೇಕಿತ್ತು, ಅಲ್ವಾ?

ಅಣ್ಣ: ಒಪ್ಪಿದೆ ಅತ್ತೆ.

ನಾನು: ಇನ್ನೊಂದು ವಿಷಯ. ಬೆಳಿಗ್ಗೆ 8ಕ್ಕೆ, ಸಂಜೆ 7ಕ್ಕೆ ಬಟ್ಟಲು ಇಡುವ ಕೆಲಸ ಅಜ್ಜಿಗೇ ಇರಲಿ. ಅಳತೆ ನಾನು ತೆಗೆದಿಡುತ್ತೇನೆ. ಸ್ವಲ್ಪ ಬೆಚ್ಚಗಿನ ನೀರು ಬೆರೆಸಿದರೆ ವಾಸನೆ ಏಳುತ್ತದೆ, ಅವಳಿಗೆ ಇಷ್ಟ ಆಗುತ್ತದೆ. "ಕೂತ್ಕೋ" ಅನ್ನಬೇಕು. ಅವಳು ಕೂತ ಮೇಲೇ ಇಡಬೇಕು.

ಅಮ್ಮ: ಅಜ್ಜಿ ಒಪ್ಪಿದರು. "ಇಡುವುದು ನಾನು. ತಿನ್ನದಿದ್ದರೆ ಎತ್ತುವುದು ನನ್ನ ಕೈಲಿ ಆಗುವುದಿಲ್ಲ, ಅದನ್ನು ನೀನೇ ಮಾಡು" ಅಂತಿದ್ದಾರೆ.